ಆಲಯ ವಿಜ್ಞಾನ ವಿಶ್ವಾತ್ಮವಲ್ಲ

ಬೌದ್ಧ ದರ್ಶನ ಪಾಠ ಮಾಡುವಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಬುದ್ಧ ಆತ್ಮ ಇಲ್ಲ ಅಂದ, ಸರಿ. ಆದರೆ ಮಹಾಯಾನದವರ ಆಲಯ ವಿಜ್ಞಾನ ಎಲ್ಲರೊಳಗೂ ಇರುವ ಒಂದೇ ಆತ್ಮ ಅಲ್ವಾ?" ಇಲ್ಲಿ ವಿಜ್ಞಾನ ಎಂದರೆ ಸೈನ್ಸ್ ಅಲ್ಲ, ಅರಿವು; ಆಲಯ ವಿಜ್ಞಾನ ಎಂದರೆ ಮನಸ್ಸಿನ ಆಳದಲ್ಲಿ ಕರ್ಮದ ಬೀಜಗಳನ್ನು ಕೂಡಿಟ್ಟುಕೊಳ್ಳುವ ಅರಿವು.

ಅದು ಎಲ್ಲರ ಒಂದೇ ಆತ್ಮ ಎನ್ನುವ ಈ ಮಾತು ಹರಡಿದ್ದರಲ್ಲಿ, ಎಲ್ಲ ಧರ್ಮಗಳ ಹಿಂದೆ ಒಂದೇ ಗೂಢಜ್ಞಾನ ಇದೆ ಎನ್ನುವ ಥಿಯಾಸಫಿ ಪಂಥದ ಪಾತ್ರ ದೊಡ್ಡದು. ಅದರ ಸ್ಥಾಪಕರಲ್ಲೊಬ್ಬರಾದ ಬ್ಲಾವಟ್‌ಸ್ಕಿ 1880ರಲ್ಲಿ ಶ್ರೀಲಂಕಾದ ಗಾಲೆಯಲ್ಲಿ ಪಂಚಶೀಲ ಸ್ವೀಕರಿಸಿ ಬೌದ್ಧರಾದವರು. 1888ರ 'ದಿ ಸೀಕ್ರೆಟ್ ಡಾಕ್ಟ್ರಿನ್'ನಲ್ಲಿ ಅವರು ಆಲಯವನ್ನು ವಿಶ್ವಾತ್ಮ ಎಂದೇ ಕರೆದರು. ನಮ್ಮೆಲ್ಲರ ಆತ್ಮಗಳೂ ಅದರೊಂದಿಗೆ ಒಂದೇ ಎಂದರು.

ಆಲಯ ವಿಜ್ಞಾನದ ವಿಚಾರವನ್ನು ಬೆಳೆಸಿದ ಮಹಾಯಾನದ ಯೋಗಾಚಾರ ಪಂಥದವರು ಹೇಳಿದ್ದು ಬೇರೆ. ಅವರ ಪ್ರಕಾರ ಒಬ್ಬೊಬ್ಬರಿಗೂ ಅವರವರದೇ ಆಲಯ. ನಾವು ಮಾಡಿದ್ದೆಲ್ಲ ಅಲ್ಲಿ ಬೀಜವಾಗಿ ಉಳಿಯುತ್ತದೆ, ಕಾಲ ಬಂದಾಗ ಫಲ ಕೊಡುತ್ತದೆ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಈ ಪಂಥದ ಆಚಾರ್ಯ ವಸುಬಂಧು ತನ್ನ ಮೂವತ್ತು ಶ್ಲೋಕಗಳ 'ತ್ರಿಂಶಿಕಾ'ದಲ್ಲಿ ಅದನ್ನು ಹರಿಯುವ ಪ್ರವಾಹ ಅನ್ನುತ್ತಾನೆ. ಒಬ್ಬ ಅರ್ಹಂತನಾದಾಗ, ಅಂದರೆ ಬಂಧನಗಳಿಂದ ಮುಕ್ತನಾದಾಗ, ಅದು ನಿಂತುಹೋಗುತ್ತದೆ ಅಂತಲೂ ಹೇಳುತ್ತಾನೆ. ನಿಂತುಹೋಗುವುದು ವಿಶ್ವಾತ್ಮ ಹೇಗಾದೀತು? ಒಬ್ಬೊಬ್ಬರ ಆಲಯ ಬೇರೆಯಾದರೆ ನಾವೆಲ್ಲ ಒಂದೇ ಜಗತ್ತನ್ನು ನೋಡುವುದು ಹೇಗೆ? ಬೀಜಗಳು ಒಂದೇ ಬಗೆಯವಾದರೆ ಕಾಣುವುದೂ ಒಂದೇ ಬಗೆಯಾಗಿರುತ್ತದೆ ಅನ್ನುವುದು ಅವರ ಉತ್ತರ. ಅದಕ್ಕೆ ಎಲ್ಲರಿಗೂ ಸೇರಿ ಒಂದು ಆತ್ಮ ಬೇಕಿಲ್ಲ.

ಯೋಗಾಚಾರಕ್ಕೆ ಆಧಾರವಾದ ಸಂಧಿನಿರ್ಮೋಚನ ಸೂತ್ರದ ಒಂದು ಗಾಥೆ, ಅಂದರೆ ಪದ್ಯ, ನನಗೆ ಬಹಳ ಇಷ್ಟ. ಈ ವಿಜ್ಞಾನ ಆಳವಾದದ್ದು, ಸೂಕ್ಷ್ಮವಾದದ್ದು, ಎಲ್ಲ ಬೀಜಗಳನ್ನೂ ಹೊತ್ತು ಪ್ರವಾಹದಂತೆ ಹರಿಯುತ್ತದೆ ಎನ್ನುತ್ತಾನೆ ಬುದ್ಧ. ತಿಳಿಯದವರು ಇದನ್ನೇ ಆತ್ಮ ಅಂದುಕೊಂಡಾರು, ಅದಕ್ಕೇ ಅವರಿಗೆ ಇದನ್ನು ಬೋಧಿಸಲಿಲ್ಲ ಅಂತಲೂ ಸೇರಿಸುತ್ತಾನೆ. ಯೋಗಾಚಾರದವರು ಎಣಿಸುವ ಎಂಟು ವಿಜ್ಞಾನಗಳಲ್ಲಿ ಏಳನೆಯದಾದ ಮನಸ್ಸು ಮಾಡುವುದೂ ಇದೇ ತಪ್ಪನ್ನು. ಎಂಟನೆಯ ಆಲಯವನ್ನು ನೋಡಿ 'ಇದೇ ನಾನು' ಎಂದು ಅಂಟಿಕೊಳ್ಳುತ್ತದೆ. ಸಾಧನೆ ಇರುವುದೇ ಆ ಅಂಟು ಬಿಡಿಸೋಕೆ. 'ನಾನು' ಅನ್ನುವುದನ್ನು ಇಡೀ ಜಗತ್ತಿಗೆ ಹಿಗ್ಗಿಸಿದರೂ ಅಂಟು ಅಲ್ಲೇ ಇರುತ್ತದೆ.

ಹಾಗಂತ ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಎಲ್ಲ ಜೀವಿಗಳಲ್ಲೂ ತಥಾಗತಗರ್ಭ, ಅಂದರೆ ಬುದ್ಧನಾಗುವ ಬೀಜ, ಇದೆ ಎನ್ನುವ ಸೂತ್ರಗಳು ನಿಜಕ್ಕೂ ಆತ್ಮವಾದಕ್ಕೆ ತೀರಾ ಹತ್ತಿರ ಬರುತ್ತವೆ. ಮಹಾಯಾನದ ಮಹಾಪರಿನಿರ್ವಾಣ ಸೂತ್ರವಂತೂ ಬುದ್ಧತ್ವವನ್ನು ಆತ್ಮ ಎಂದೇ ಕರೆಯುತ್ತದೆ. ಲಂಕಾವತಾರ ಸೂತ್ರದಲ್ಲಿ ಬೋಧಿಸತ್ವ ಮಹಾಮತಿ ಬುದ್ಧನನ್ನು ನೇರವಾಗಿ ಕೇಳುತ್ತಾನೆ: ಈ ತಥಾಗತಗರ್ಭಕ್ಕೂ ಬೇರೆ ಮತದವರ ಆತ್ಮಕ್ಕೂ ಏನು ವ್ಯತ್ಯಾಸ? ನೈರಾತ್ಮ್ಯ (ಆತ್ಮ ಇಲ್ಲ) ಎನ್ನುವ ಮಾತಿಗೆ ಬೆದರುವವರನ್ನು ಹತ್ತಿರ ಕರೆದುಕೊಳ್ಳಲು ಹೀಗೆ ಹೇಳಿದ್ದು, ಇದರ ತಿರುಳು ಶೂನ್ಯತೆಯೇ, ಅಂದರೆ ಯಾವುದಕ್ಕೂ ತನ್ನದೇ ಆದ ಸ್ಥಿರ ಸ್ವಭಾವ ಇಲ್ಲ ಎನ್ನುವುದೇ, ಎಂದು ಬುದ್ಧ ಉತ್ತರಿಸುತ್ತಾನೆ. ವಿಶ್ವಾತ್ಮದ ಬಗ್ಗೆ ಕೇಳುವವರಿಗೆ ನಾನು ಮೊದಲು ಓದಲು ಹೇಳುವುದು ಈ ಸಂಭಾಷಣೆಯನ್ನೇ.