ಗುರಿ ಕೂರುವುದು ಪಾದದಲ್ಲಿ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ನಡೆಯುತ್ತದೆ. ಕಾಯಿ ಒಡೆದವರನ್ನು ನೋಡಿ ಹೊರಗಿನವರು ಥಟ್ಟನೆ ಹೇಳಿಬಿಡುತ್ತಾರೆ: ‘ಗುರಿ ಅವರ ರಕ್ತದಲ್ಲೇ ಇದೆ.’ ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಗುರಿ ಹುಟ್ಟಿನಿಂದ ಬರುವುದಿಲ್ಲ. ಉಕ್ಕಿನಂಥ ತೋಳು, ಹದ್ದಿನ ಕಣ್ಣು ಇದ್ದರೆ ಸಾಕು ಅನ್ನುವುದೂ ತಪ್ಪು. ಅದು ಮೈಯನ್ನು ನಿಲ್ಲಿಸುವ ವಿದ್ಯೆ. ಯಾರು ಬೇಕಾದರೂ ಕಲಿಯಬಹುದು.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯನ್ನೇ ನೋಡಿ. ಗುರಿಯ ನಡುವಿನ ಚುಕ್ಕೆಯ ಅಗಲ 0.5 ಮಿ.ಮೀ. ಪೆಲೆಟ್, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡಿನ ಅಗಲ 4.5 ಮಿ.ಮೀ. ಅದರ ಅಂಚು ಚುಕ್ಕೆಗೆ ತಾಗಿದರೂ 10 ಅಂಕ ಸಿಗುತ್ತದೆ. ಅಂದರೆ ಪೆಲೆಟ್‌ನ ನಡುಭಾಗ ಕೇಂದ್ರದಿಂದ 2.5 ಮಿ.ಮೀ. ತನಕ ಸರಿಯಬಹುದು. ಭುಜದಿಂದ ನಳಿಕೆಯ ತುದಿಗೆ ಸುಮಾರು 1 ಮೀಟರ್ ಅಂದುಕೊಳ್ಳಿ. ಆಗ ನಳಿಕೆಯ ತುದಿ ಕಾಲು ಮಿ.ಮೀ. ಜರುಗಿದರೂ 10 ಕೈತಪ್ಪುವ ಹಂತಕ್ಕೆ ಬರುತ್ತದೆ. 10ರ ಒಳಗೂ ದಶಮಾಂಶದಲ್ಲಿ ಅಂಕ ಎಣಿಸುತ್ತಾರೆ; ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕವಾದ 10.9 ಬೇಕಾದರೆ ಅದರ ಹತ್ತರಲ್ಲಿ ಒಂದು ಪಾಲು ಮಾತ್ರ ಜರುಗಬಹುದು. ರೈಫಲ್‌ನ ತೂಕ 5.5 ಕಿಲೋ ತನಕ ಇರಬಹುದು. ಅದನ್ನು ಹಿಡಿದು ಅರ್ಹತಾ ಸುತ್ತಿನಲ್ಲಿ 60 ಸಲ ಹೊಡೆಯಬೇಕು.

ಇದನ್ನು ತೋಳಿನ ಬಲದಿಂದ ಮಾಡಲು ಆಗುವುದೇ ಇಲ್ಲ. ಬಿಗಿಯಾದ ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಎಳೆಯುವುದಿಲ್ಲ. ಕೆಲವು ಎಳೆಯುವಾಗ ಕೆಲವು ಬಿಡುತ್ತವೆ. ಇದರಿಂದ ಸೆಕೆಂಡಿಗೆ 8ರಿಂದ 12 ಸಲ ಸಣ್ಣ ನಡುಕ ಹುಟ್ಟುತ್ತದೆ. ಇದು ಕಾಯಿಲೆಯಲ್ಲ, ಆರೋಗ್ಯವಂತರಿಗೂ ಇರುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ, ಸುಸ್ತಾದಷ್ಟೂ ಜಾಸ್ತಿಯಾಗುತ್ತದೆ.

ಹಾಗಾಗಿ ಭಾರವನ್ನು ಮೂಳೆಗೆ ಕೊಡಬೇಕು. ತುಂಬಿದ ಬಿಂದಿಗೆ ಹೊತ್ತವರು ಸೊಂಟವನ್ನು ಒಂದು ಕಡೆ ಚಾಚಿ ಅದರ ಮೇಲೆ ಕೊಡ ಕೂರಿಸುತ್ತಾರಲ್ಲ, ನಿಂತು ಹೊಡೆಯುವ ಶೂಟರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಬಲಗೈಯವರಾದರೆ ಎಡ ಸೊಂಟವನ್ನು ಗುರಿಯ ಕಡೆ ತಳ್ಳುತ್ತಾರೆ. ಎಡ ಮೊಣಕೈ ಸೊಂಟದ ಮೂಳೆಯ ಮೇಲೆ, ಅಥವಾ ಅದರ ಹತ್ತಿರ ಪಕ್ಕೆಗೆ ಒರಗಿ ಕೂರುತ್ತದೆ. ರೈಫಲ್‌ನ ಭಾರ ಮುಂಗೈ, ಸೊಂಟ, ಕಾಲು ದಾಟಿ ನೆಲಕ್ಕೆ ಇಳಿಯುತ್ತದೆ. ತೋಳು ಸುಮ್ನೆ ಇರುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಬರುವುದು ಇಲ್ಲಿ. ಸ್ನಾಯುಗಳನ್ನೆಲ್ಲ ಸಡಿಲ ಬಿಟ್ಟರೆ ರೈಫಲ್ ತಾನಾಗಿ ಒಂದು ಕಡೆ ತಿರುಗಿ ನಿಲ್ಲುತ್ತದೆ. ಇದನ್ನು ಶೂಟರ್‌ಗಳು ನ್ಯಾಚುರಲ್ ಪಾಯಿಂಟ್ ಆಫ್ ಏಮ್ ಅನ್ನುತ್ತಾರೆ. ಕಂಡುಹಿಡಿಯುವುದು ಸುಲಭ. ಗುರಿ ಹಿಡಿದು ಕಣ್ಣು ಮುಚ್ಚಿ. ಎರಡು ಮೂರು ಸಲ ಉಸಿರಾಡಿ, ಮೈ ಸಡಿಲ ಬಿಡಿ, ಕಣ್ಣು ತೆರೆಯಿರಿ. ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ಗುರಿಯ ಎಡಕ್ಕೋ ಬಲಕ್ಕೋ ಸರಿದಿದ್ದರೆ ಹೊಸಬರು ಕೈಯಿಂದ ತಳ್ಳಿ ಸರಿಮಾಡುತ್ತಾರೆ. ಅಲ್ಲೇ ಕೆಡುವುದು! ಟ್ರಿಗರ್ ಒತ್ತುವಾಗ ಗಮನ ಬೆರಳಿಗೆ ಹೋಗುತ್ತದೆ, ತಳ್ಳುತ್ತಿದ್ದ ಸ್ನಾಯು ಒಂದಿಷ್ಟು ಸಡಿಲವಾಗುತ್ತದೆ, ನಳಿಕೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ಆಮೇಲೆ ಬಂದೂಕನ್ನು ಬೈಯುವುದು, ದಿನ ಸರಿಯಿಲ್ಲ ಅನ್ನುವುದು. ಮಾಡಬೇಕಾದ್ದು ಇಷ್ಟೇ: ಹಿಂದಿನ ಪಾದವನ್ನು ಒಂಚೂರು ಜರುಗಿಸಿ ಮತ್ತೆ ಕಣ್ಣು ಮುಚ್ಚಿ ನೋಡುವುದು. ಕಣ್ಣು ತೆರೆದಾಗ ಸೈಟ್ ತಾನಾಗಿ ಗುರಿಯ ಮೇಲೇ ಇರುವ ತನಕ ಇದೇ ಕೆಲಸ.

ಪಾದಕ್ಕೆ ಇಷ್ಟು ಬೆಲೆ ಇರುವುದರಿಂದ ನೆಲಕ್ಕೂ ಬೆಲೆಯಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅರ್ಹತಾ ಸುತ್ತಿನಲ್ಲಿ 3ನೆಯವರಾಗಿದ್ದರು, ಫೈನಲ್‌ನಲ್ಲಿ 7ಕ್ಕೆ ಇಳಿದರು. ತಾವು ನಿಂತಿದ್ದ ಕಡೆ ಕಾಲಡಿಯ ಟೈಲ್ ಸಡಿಲವಾಗಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅವರು ಅಲ್ಲಿಗೆ ಹಣೆಬರಹ ಎಂದು ಕೈಚೆಲ್ಲಲಿಲ್ಲ. ಅಲುಗಾಡುವ ನೆಲದ ಮೇಲೆ ನಿಂತು ಅಭ್ಯಾಸ ಮಾಡಿದರು. 2008ರಲ್ಲಿ ಬೀಜಿಂಗ್‌ನಲ್ಲಿ, ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಜೊತೆ ಸಮಬಲದಲ್ಲಿದ್ದರು. ಆಗ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು.

ಇನ್ನು ಉಸಿರು. ಎದೆ ಏರಿಳಿದಂತೆ ನಳಿಕೆಯೂ ಏರಿಳಿಯುತ್ತದೆ. ಉಸಿರು ಬಿಟ್ಟ ಮೇಲೆ ಬರುವ ಸಹಜ ವಿರಾಮದಲ್ಲಿ ಹೊಡೆಯಬೇಕು. ಉಸಿರು ಹಿಡಿದು 8–10 ಸೆಕೆಂಡು ದಾಟಿದರೆ ರೈಫಲ್ ಇಳಿಸಿ ಮೊದಲಿನಿಂದ ಶುರುಮಾಡುವುದೇ ಒಳ್ಳೆಯದು. ಎದೆಬಡಿತವನ್ನು ಮಾತ್ರ ನಿಲ್ಲಿಸುವ ಹಾಗಿಲ್ಲ, ಅದರ ಮಿಡಿತ ಸೈಟ್‌ನಲ್ಲೇ ಕಾಣುತ್ತದೆ. ಬಡಿತವನ್ನೂ ನಡುಕವನ್ನೂ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಶೂಟಿಂಗ್‌ನಲ್ಲಿ ನಿಷೇಧಿಸಿರುವುದು ಇದಕ್ಕೇ. ಬೀಜಿಂಗ್‌ನಲ್ಲೇ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜಾಂಗ್‌ಸು ಈ ಕಾರಣಕ್ಕೆ ಎರಡು ಪದಕ ಕಳೆದುಕೊಂಡರು.

ಇಷ್ಟೆಲ್ಲ ಮಾಡಿದರೂ ಸೈಟ್ ಸ್ವಲ್ಪ ತೇಲಾಡುತ್ತಲೇ ಇರುತ್ತದೆ. ಅದು ಸರಿಯಾಗಿ ನಡುವಿಗೆ ಬಂದ ಕ್ಷಣ ‘ಈಗ!’ ಎಂದು ಒತ್ತಲು ಹೋಗಬೇಡಿ. ಕಣ್ಣು ಕಂಡು ಬೆರಳು ಅಲುಗುವಷ್ಟರಲ್ಲಿ ಸುಮಾರು 0.2 ಸೆಕೆಂಡು ಕಳೆದಿರುತ್ತದೆ. ಸೈಟ್ ಆಗಲೇ ಮುಂದೆ ಹೋಗಿರುತ್ತದೆ. ಜೊತೆಗೆ ಆ ಆತುರದ ಒತ್ತು ರೈಫಲ್ಲನ್ನೇ ಎಳೆಯುತ್ತದೆ. ತೇಲಾಟ ಚಿಕ್ಕದಾಗಿ ನಡುವಿನ ಸುತ್ತಲೇ ಇರುವಾಗ ಟ್ರಿಗರ್ ಮೇಲಿನ ಒತ್ತಡವನ್ನು ನಿಧಾನವಾಗಿ, ಒಂದೇ ಸಮನಾಗಿ ಏರಿಸುತ್ತಾ ಹೋಗಬೇಕು. ಪೆಲೆಟ್ ನಳಿಕೆಯಿಂದ ಹೊರಬರಲೂ ಕೆಲವು ಮಿಲಿಸೆಕೆಂಡು ಬೇಕು. ಆದ್ದರಿಂದ ಹೊಡೆದ ಮೇಲೂ ಒಂದೆರಡು ಸೆಕೆಂಡು ಗುರಿ ಹಿಡಿದೇ ನಿಲ್ಲಿ. ಆಗ ಸೈಟ್ ಎಲ್ಲಿಗೆ ಬಂದು ನಿಂತಿತು ಅನ್ನುವುದನ್ನು ಗಮನಿಸಿ. ಗುರಿಯ ಮೇಲಿಲ್ಲ ಅಂದರೆ ಮುಂದಿನ ಗುಂಡಿಗೆ ಮೊದಲು ಮತ್ತೆ ಪಾದ ಜರುಗಿಸಬೇಕು.