ಜಾಗ ಖಾಲಿ ಇದೆ, ಡಿಸ್ಕ್ ಎಲ್ಲಿದೆ?

"ಸರ್, ಬ್ಯಾಕಪ್ ಡಿಸ್ಕ್ ಶೇಕಡಾ 40 ಮಾತ್ರ ತುಂಬಿದೆ ಅಂತ ತೋರಿಸ್ತಿದೆ. ಆದ್ರೆ ಹೋದ ತಿಂಗಳ ಬ್ಯಾಕಪ್ ಒಂದೂ ಕಾಣ್ತಿಲ್ಲ."

ಸೋಮವಾರ ಬೆಳಿಗ್ಗೆ ಬಂದ ಫೋನ್ ಅದು. ನಾನು ಸರ್ವರ್ ನೋಡಿಕೊಳ್ಳುತ್ತಿದ್ದ ಒಂದು ಸಂಸ್ಥೆಯ ಕಿರಿಯ ಅಡ್ಮಿನ್ ಮಾತಾಡುತ್ತಿದ್ದಳು. "ಮೊದಲು ಡಿಸ್ಕ್ ಮೌಂಟ್ ಆಗಿದ್ಯಾ ನೋಡಮ್ಮ" ಅಂದೆ, ಅಂದರೆ ಡಿಸ್ಕ್ ಒಂದು ಫೋಲ್ಡರ್‌ಗೆ ಜೋಡಣೆಯಾಗಿ ಬಳಕೆಗೆ ಸಿಗುತ್ತಿದೆಯೇ ಎಂದು. ಎರಡು ನಿಮಿಷ ಆ ಕಡೆಯಿಂದ ಕೀಬೋರ್ಡ್ ಸದ್ದಷ್ಟೇ ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ, "ಇಲ್ಲ ಸರ್."

ನಡೆದದ್ದು ಇಷ್ಟು. ಹನ್ನೊಂದು ದಿನ ಹಿಂದೆ ಆ ಲಿನಕ್ಸ್ ಸರ್ವರ್‌ಗೆ ಹೊಸದೊಂದು ಡಿಸ್ಕ್ ಸೇರಿಸಿ ರೀಬೂಟ್ ಮಾಡಿದ್ದರು. ಡಿಸ್ಕ್‌ಗಳನ್ನು ಗುರುತಿಸುವ ಸರದಿ ಬದಲಾಗಿ, ಅಲ್ಲಿಯವರೆಗೆ ಎಸ್‌ಡಿಬಿ ಆಗಿದ್ದ ಬ್ಯಾಕಪ್ ಡಿಸ್ಕ್ ಎಸ್‌ಡಿಸಿ ಆಯಿತು. ಹೊಸ ಖಾಲಿ ಡಿಸ್ಕ್‌ಗೆ ಎಸ್‌ಡಿಬಿ ಎಂಬ ಹೆಸರು ಹೋಯಿತು. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿತ್ತು. ಜೊತೆಗೆ, ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಬಾರದೆಂದು ಯಾರೋ ನೋಫೇಲ್ ಎಂಬ ಆಯ್ಕೆಯನ್ನೂ ಬರೆದಿಟ್ಟಿದ್ದರು. ಖಾಲಿ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ, ಇರಲಿಲ್ಲ, ಹಾಗಾಗಿ ಮೌಂಟ್ ಸೋತಿತು. ಸರ್ವರ್‌ನ ದಿನಚರಿಯಾದ ಲಾಗ್‌ನಲ್ಲಿ ಅದರ ಬಗ್ಗೆ ಒಂದು ಸಾಲು ಬಿದ್ದಿತ್ತು. ಸರ್ವರ್ ಮಾಮೂಲಿನಂತೆ ಮೇಲೆದ್ದಿತು.

ಡಿಸ್ಕ್ ಮೌಂಟ್ ಆಗದಿದ್ದರೂ ಬ್ಯಾಕಪ್ ಎಂಬ ಫೋಲ್ಡರ್ ಮೂಲ ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ. ಸ್ಕ್ರಿಪ್ಟ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಹನ್ನೊಂದು ರಾತ್ರಿ ಅದು ನಿಷ್ಠೆಯಿಂದ ಬ್ಯಾಕಪ್ ತೆಗೆದು, ಅಸಲು ಡೇಟಾ ಇದ್ದ ಡಿಸ್ಕ್‌ಗೇ ಬರೆಯಿತು. ನಿಗಾ ತಂತ್ರಾಂಶ ಪ್ರತಿ ಐದು ನಿಮಿಷಕ್ಕೊಮ್ಮೆ "ಬ್ಯಾಕಪ್ ಫೋಲ್ಡರ್‌ನಲ್ಲಿ ಎಷ್ಟು ಜಾಗ?" ಎಂದು ಕೇಳಿತು, ಮೂಲ ಡಿಸ್ಕ್‌ನ ಲೆಕ್ಕವೇ ಉತ್ತರವಾಗಿ ಬಂತು. ಶೇಕಡಾ 40. ಹಸಿರು ದೀಪ. ಆ ಹನ್ನೊಂದು ದಿನಗಳಲ್ಲಿ ಮೂಲ ಡಿಸ್ಕ್ ಕೆಟ್ಟಿದ್ದರೆ ಡೇಟಾ ಮತ್ತು ಅದರ ಇತ್ತೀಚಿನ ಪ್ರತಿಗಳೆಲ್ಲ ಒಟ್ಟಿಗೇ ಹೋಗುತ್ತಿದ್ದವು. ಕೆಡಲಿಲ್ಲ, ಅದೃಷ್ಟ. ಯಾವ ಯಂತ್ರಭಾಗವೂ ಹಾಳಾಗಿರಲಿಲ್ಲ, ಬದಲಾಗಿದ್ದದ್ದು ಜೋಡಣೆ.

ಆವತ್ತಿನಿಂದ ನಾನು ಯಾವ ಸರ್ವರ್ ಒಪ್ಪಿಕೊಂಡರೂ ಮೊದಲು ನೋಡುವುದು ಜಾಗದ ಎಚ್ಚರಿಕೆಯನ್ನಲ್ಲ. ಶೇಕಡಾ 80 ತುಂಬಿದರೆ ಹಳದಿ, 90 ದಾಟಿದರೆ ಕೆಂಪು ಎನ್ನುವ ವ್ಯವಸ್ಥೆ ಎಲ್ಲರ ಬಳಿಯೂ ಇರುತ್ತದೆ. ನಾನು ಕೇಳುವುದು ಬೇರೆ: ಈ ಸರ್ವರ್‌ನಲ್ಲಿ ಎಷ್ಟು ಡಿಸ್ಕ್ ಇರಬೇಕು, ಯಾವ ವಾಲ್ಯೂಮ್ ಎಲ್ಲಿ ಮೌಂಟ್ ಆಗಿರಬೇಕು, ರೇಡ್‌ನಲ್ಲಿ, ಅಂದರೆ ಹಲವು ಡಿಸ್ಕ್ ಸೇರಿ ಒಂದಾಗಿ ಕೆಲಸ ಮಾಡುವ ಜೋಡಣೆಯಲ್ಲಿ, ಎಷ್ಟು ಸದಸ್ಯ ಡಿಸ್ಕ್‌ಗಳಿರಬೇಕು? ಇದು ಒಂದು ಕಡೆ ಬರೆದಿದೆಯೇ? ಬರೆದದ್ದಕ್ಕೂ ಇರುವುದಕ್ಕೂ ವ್ಯತ್ಯಾಸ ಬಂದ ಕೂಡಲೇ ಯಾರಿಗಾದರೂ ಗೊತ್ತಾಗುತ್ತದೆಯೇ? ಬಹಳ ಕಡೆ ಉತ್ತರ ಸಿಗುವುದಿಲ್ಲ.

ಮೇಲಿನ ಪ್ರಕರಣಕ್ಕೆ ಮದ್ದು ಸುಲಭ. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರು ಬಳಸದೆ ಫೈಲ್ ಸಿಸ್ಟಂನ ಯುಯುಐಡಿ, ಅಂದರೆ ಅದಕ್ಕೆ ಕೊಟ್ಟ ವಿಶಿಷ್ಟ ಗುರುತುಸಂಖ್ಯೆ, ಬರೆಯಬೇಕು. ಡಿಸ್ಕ್ ಯಾವ ಸ್ಲಾಟ್‌ಗೆ ಹೋದರೂ ಅದು ಬದಲಾಗುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಎಂಬ ಪುಟ್ಟ ಆದೇಶದಿಂದ ಡಿಸ್ಕ್ ನಿಜಕ್ಕೂ ಅಲ್ಲಿದೆಯೇ ಎಂದು ಕೇಳಿ, ಇಲ್ಲದಿದ್ದರೆ ದೊಡ್ಡ ದನಿಯಲ್ಲೇ ಸೋಲಬೇಕು. ಇನ್ನೊಂದು ಉಪಾಯ ನನಗೆ ತುಂಬ ಇಷ್ಟ: ಡಿಸ್ಕ್ ಮೌಂಟ್ ಆಗದಿರುವಾಗ, ಆ ಖಾಲಿ ಫೋಲ್ಡರ್‌ಗೆ ಸಿಎಚ್‌ಅಟ್ರ್ ಆದೇಶದಿಂದ 'ಬದಲಿಸಲಾಗದು' ಎಂಬ ಗುರುತು ಹಾಕಿಬಿಡುವುದು. ಮುಂದೆ ಎಂದಾದರೂ ಡಿಸ್ಕ್ ಮೌಂಟ್ ಆಗದೆ ಹೋದರೆ ಅಲ್ಲಿ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನೂ ಒಂದು ಫೈಲ್ ಬರೆಯಲಾರ.

ರೇಡ್ ಇದ್ದರೆ ಮೌನದ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯಬೇಕೆಂದೇ ರೇಡ್ ಹುಟ್ಟಿದ್ದು. ಲಿನಕ್ಸ್‌ನ ತಂತ್ರಾಂಶ ರೇಡ್‌ನಲ್ಲಿ ಅದರ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ತೆರೆದರೆ, ಜೋಡಿ ಡಿಸ್ಕ್ ಆರೋಗ್ಯವಾಗಿರುವಾಗ ಚೌಕ ಕಂಸದೊಳಗೆ ಎರಡು ಯು ಅಕ್ಷರಗಳಿರುತ್ತವೆ. ಒಂದು ಡಿಸ್ಕ್ ಹೊರಬಿದ್ದರೆ ಒಂದು ಯು ಹೋಗಿ ಅದರ ಜಾಗದಲ್ಲಿ ಕೆಳಗೆರೆ ಬರುತ್ತದೆ. ಅಷ್ಟೇ ಬದಲಾವಣೆ. ಬಳಕೆದಾರನಿಗೆ ವೇಗದಲ್ಲಿ ವ್ಯತ್ಯಾಸವೂ ಅನ್ನಿಸದಿರಬಹುದು. ಆ ಕೆಳಗೆರೆ ಆರು ತಿಂಗಳಿನಿಂದ ಅಲ್ಲೇ ಕೂತಿದ್ದ ಸರ್ವರ್‌ಗಳನ್ನು ನಾನು ನೋಡಿದ್ದೇನೆ.

ಲಿನಕ್ಸ್‌ನ ರೇಡ್ ನಿರ್ವಹಿಸುವ ಎಂಡಿಅಡ್ಮ್ ತಂತ್ರಾಂಶದ ಮಾನಿಟರ್ ಇದನ್ನು ಘಟನೆಗಳಾಗಿ ತಿಳಿಸುತ್ತದೆ: ಡಿಸ್ಕ್ ಸೋತರೆ ಫೇಲ್, ಬೂಟ್ ಆಗುವಾಗಲೇ ಸದಸ್ಯ ಕಡಿಮೆಯಿದ್ದರೆ ಡಿಗ್ರೇಡೆಡ್‌ಅರೇ, ಇಡೀ ಅರೇ (ರೇಡ್‌ನ ಡಿಸ್ಕ್ ಗುಂಪು) ಕಾಣೆಯಾದರೆ ಡಿವೈಸ್‌ಡಿಸಪಿಯರ್ಡ್, ಮರುಜೋಡಣೆ ಶುರುವಾದರೆ ರೀಬಿಲ್ಡ್‌ಸ್ಟಾರ್ಟೆಡ್. ಕೊನೆಯದನ್ನು ಕಡೆಗಣಿಸುವವರು ಬಹಳ. ಯಾರೂ ಮುಟ್ಟದ ಸರ್ವರ್‌ನಲ್ಲಿ ರಾತ್ರಿ ಎರಡಕ್ಕೆ ಮರುಜೋಡಣೆ ಶುರುವಾದರೆ ಒಂದು ಡಿಸ್ಕ್ ಸತ್ತು, ಮೀಸಲು ಡಿಸ್ಕ್ ಅದರ ಜಾಗಕ್ಕೆ ಬಂದಿರಬಹುದು. 8 ಟೆರಾಬೈಟ್ ಡಿಸ್ಕ್‌ಗೆ ಸೆಕೆಂಡಿಗೆ 150 ಮೆಗಾಬೈಟ್ ವೇಗ ಸಿಕ್ಕರೂ ಮರುಜೋಡಣೆಗೆ ಸುಮಾರು 15 ಗಂಟೆ ಬೇಕು. ಒಂದು ಡಿಸ್ಕ್‌ನ ಸಾವನ್ನಷ್ಟೇ ತಾಳುವ ರೇಡ್ 5 ಆಗಿದ್ದರೆ ಅಷ್ಟೂ ಹೊತ್ತು ಇನ್ನೊಂದು ಡಿಸ್ಕ್ ಕೈಕೊಡಬಾರದು. ಆ ಹೊತ್ತಿನಲ್ಲಿ ದೊಡ್ಡ ಕೆಲಸಗಳನ್ನು ಮುಂದೂಡುವ, ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ಅವಕಾಶ ಸುದ್ದಿ ಸಿಕ್ಕವರಿಗೆ ಮಾತ್ರ.

ವಿಂಡೋಸ್ ಸರ್ವರ್‌ನಲ್ಲಿ ಇದೇ ಕಥೆ ಸಿಸ್ಟಂ ಲಾಗ್‌ನ ಸಂಖ್ಯೆಗಳಲ್ಲಿದೆ. 7 ಬಂದರೆ ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್, 55 ಬಂದರೆ ಫೈಲ್ ಸಿಸ್ಟಂ ಕೆಟ್ಟಿದೆ. ಇವೆರಡೂ ಎರರ್ ಮಟ್ಟದವು, ಎಲ್ಲರೂ ಹಿಡಿಯುತ್ತಾರೆ. ಆದರೆ ಓದು ಅಥವಾ ಬರಹ ಮೊದಲ ಸಲ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು ಎನ್ನುವ 153, ಉತ್ತರ ಬಾರದೆ ಸಾಧನವನ್ನು ರೀಸೆಟ್ ಮಾಡಬೇಕಾಯಿತು ಎನ್ನುವ 129, ಡಿಸ್ಕ್ ಹೇಳದೆ ಕೇಳದೆ ಹೊರಟುಹೋಯಿತು ಎನ್ನುವ 157 ಮೂರೂ ವಾರ್ನಿಂಗ್ ಮಟ್ಟದಲ್ಲಿ ಬರುತ್ತವೆ. ಎರರ್ ಮಾತ್ರ ಸೋಸಿ ಕಳಿಸುವ ಏರ್ಪಾಡಿನಲ್ಲಿ ಇವು ಕಾಣುವುದೇ ಇಲ್ಲ. 157ರಲ್ಲಿ ಸುಳ್ಳು ಎಚ್ಚರಿಕೆಯೂ ಇದೆ: ಬ್ಯಾಕಪ್ ತಂತ್ರಾಂಶ ವರ್ಚುವಲ್ ಡಿಸ್ಕ್ ಒಂದನ್ನು ತಾತ್ಕಾಲಿಕವಾಗಿ ಜೋಡಿಸಿ ಕಳಚಿದಾಗಲೂ ಅದು ಬೀಳಬಹುದು. ಹಾಗಂತ ಸಂಖ್ಯೆಯನ್ನೇ ಮುಚ್ಚಿಬಿಡಬೇಡಿ. ಬ್ಯಾಕಪ್ ನಡೆಯುವ ಹೊತ್ತನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಬಂದದ್ದನ್ನು ನೋಡಿ.

ವರ್ಚುವಲ್ ಮಷೀನ್‌ಗಳ ಕಾಲದಲ್ಲಿ ಹೊಸದಾಗಿ ಹೆಚ್ಚಿರುವ ತೊಂದರೆ ನಕಲು ಡಿಸ್ಕ್‌ನದು. ಹಳೆಯ ಫೈಲ್ ಒಂದು ಬೇಕೆಂದು ಡಿಸ್ಕ್‌ನ ಕ್ಲೋನ್ ಮಾಡಿ ಅದೇ ಸರ್ವರ್‌ಗೆ ಜೋಡಿಸಿದರೆ ಎರಡಕ್ಕೂ ಒಂದೇ ಗುರುತು. ವಿಂಡೋಸ್ ಎರಡನೆಯದನ್ನು ಆಫ್‌ಲೈನ್ ಇಡುತ್ತದೆ; ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಒಂದೇ ಯುಯುಐಡಿಯ ಎರಡನೆಯ ಪ್ರತಿಯನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ಅವಸರದಲ್ಲಿ ಅದನ್ನು ಒತ್ತಾಯದಿಂದ ಆನ್‌ಲೈನ್ ಮಾಡುವ ಮುಂಚೆ ಒಂದು ನಿಮಿಷ ನಿಲ್ಲಿ, ಯಾವುದು ಅಸಲು ಎಂದು ಖಚಿತ ಮಾಡಿಕೊಳ್ಳಿ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡುತ್ತಿದ್ದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ನೋಡಲೇಬೇಕು. ಆದರೆ ಅದೊಂದನ್ನೇ ನಂಬಿದರೆ ಏನಾಗುತ್ತದೆಂದು ಗೂಗಲ್‌ನ ಎಂಜಿನಿಯರ್‌ಗಳು 2007ರಲ್ಲೇ, ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನದಲ್ಲಿ ತೋರಿಸಿದ್ದಾರೆ. ಮೊದಲ ಸ್ಕ್ಯಾನ್ ಎರರ್ (ಮೇಲ್ಮೈ ತಪಾಸಣೆಯಲ್ಲಿ ಸಿಗುವ ದೋಷ) ಕಂಡ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಅಂಥ ದೋಷ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು. ಅಂದರೆ ಸೂಚನೆ ಬಂದರೆ ನಂಬಿ, ಡಿಸ್ಕ್ ಬದಲಿಸಿ. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸೂಚನೆ ಬಂದಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಇನ್ನು, ಯಾವ ಡಿಸ್ಕ್‌ನಲ್ಲಿ ಯಾವ ಫರ್ಮ್‌ವೇರ್ (ಡಿಸ್ಕ್‌ನೊಳಗಿನ ತಂತ್ರಾಂಶ) ಇದೆ, ಯಾವ ದಿನ ಹಾಕಿದ್ದು ಎಂಬುದೂ ಬರೆದಿಡಬೇಕಾದ ವಿಷಯ. 2019ರ ನವೆಂಬರ್‌ನಲ್ಲಿ ಸರ್ವರ್ ತಯಾರಿಸುವ ಎಚ್‌ಪಿಇ ಕಂಪನಿ ತನ್ನ ಕೆಲವು ಸ್ಯಾಸ್ ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು: ಫರ್ಮ್‌ವೇರ್ ದೋಷದಿಂದ ಅವು ಸರಿಯಾಗಿ 32,768 ಗಂಟೆ ಚಾಲೂ ಇದ್ದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ನಿಂತುಹೋಗುತ್ತವೆ, ಡೇಟಾ ಮರಳಿ ಸಿಗುವುದಿಲ್ಲ. 32,768 ಎಂದರೆ ಎರಡರ ಹದಿನೈದನೇ ಘಾತ. ಒಂದೇ ದಿನ ಪೆಟ್ಟಿಗೆ ಒಡೆದು ಜೋಡಿಸಿದ ಡಿಸ್ಕ್‌ಗಳು ಒಂದೇ ಹೊತ್ತಿಗೆ ಸಾಯುತ್ತವೆ, ರೇಡ್‌ನಿಂದ ಉಪಯೋಗವಿಲ್ಲ. ಪಟ್ಟಿ ಇಟ್ಟುಕೊಂಡವರು ಎಚ್ಚರಿಕೆ ಓದಿದ ದಿನವೇ ಫರ್ಮ್‌ವೇರ್ ಬದಲಿಸಬಹುದಿತ್ತು.

ಇಷ್ಟೆಲ್ಲ ಹಿಡಿಯುವ ಏರ್ಪಾಡಿದ್ದರೂ ಸುದ್ದಿ ತಲುಪದಿದ್ದರೆ? 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್‌ನ ಫೋಲ್ಡರ್ ತಪ್ಪಾದ ಸರ್ವರ್‌ನಲ್ಲಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದಾಗ ಅದು ಬಹಳ ದಿನಗಳಿಂದ ಸೋಲುತ್ತಿದ್ದದ್ದು ಬೆಳಕಿಗೆ ಬಂತು. ಸೋತ ಸುದ್ದಿಯ ಇಮೇಲ್‌ಗಳು ಹೊರಟಿದ್ದವು, ಆದರೆ ಇಮೇಲ್ ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರೀಕ್ಷೆ ದಾಟದೆ ತಿರಸ್ಕೃತವಾಗಿದ್ದವು. ಅವರು ತಪ್ಪನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು. ನಮ್ಮ ಕೆಲಸದವರೆಲ್ಲ ಅವರಿಗೆ ಋಣಿಗಳು.

ಲಾಗ್ ಎಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯ. ಡಿಸ್ಕ್ ಕೆಡುವ ಸುದ್ದಿಯನ್ನು ಅದೇ ಡಿಸ್ಕ್‌ನಲ್ಲಿ ಬರೆದರೆ ಡಿಸ್ಕ್ ಜೊತೆಗೇ ಸುದ್ದಿಯೂ ಹೋಗುತ್ತದೆ. ಲಾಗ್‌ಗಳನ್ನು ಬೇರೊಂದು ಸರ್ವರ್‌ಗೆ ಕಳಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ನಮ್ಮ ದೇಶದಲ್ಲಿ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಅದಕ್ಕೆಂದು ಹೇಗೂ ಒಂದು ಜಾಗ ಮಾಡಿರುತ್ತೀರಿ, ಡಿಸ್ಕ್ ಘಟನೆಗಳನ್ನೂ ಅಲ್ಲಿಗೇ ಸೇರಿಸಿ. ಎಫ್‌ಎಸ್‌ಟ್ಯಾಬ್ ಫೈಲನ್ನು ಯಾರು, ಯಾವಾಗ ತಿದ್ದಿದರು ಎಂದು ಲಿನಕ್ಸ್‌ನ ಆಡಿಟ್‌ಡಿ ಎಂಬ ನಿಗಾ ಸೇವೆಯಲ್ಲಿ ಒಂದು ನಿಯಮ ಬರೆದರೆ ಸಾಕು, ಅದೂ ಅಲ್ಲಿ ಸಿಗುತ್ತದೆ. ಯಾರನ್ನೋ ಹಿಡಿದು ಬೈಯಲು ಇದಲ್ಲ. ತೊಂದರೆಯ ಹಿಂದಿನ ದಿನ ಏನು ಬದಲಾಯಿತು ಎಂದು ಗೊತ್ತಾದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಪ್ರತಿ ತಿಂಗಳ ಮೊದಲ ಕೆಲಸದ ದಿನ ನಾನು ಎಂಡಿಅಡ್ಮ್‌ನ ಪರೀಕ್ಷಾ ಸಂದೇಶವನ್ನು ಎಲ್ಲ ರೇಡ್ ಸರ್ವರ್‌ಗಳಿಂದ ಕಳಿಸಿ, ಬಂದ ಇಮೇಲ್‌ಗಳನ್ನು ಎಣಿಸುತ್ತೇನೆ. ಸರ್ವರ್ 14, ಪ್ರತಿಯೊಂದಕ್ಕೂ ಒಂದು ಅರೇ, ಇಮೇಲ್ 14 ಬರಬೇಕು. ಕಳೆದ ಸಲ 13 ಬಂದವು. ಬಾರದ ಒಂದನ್ನು ಬೆನ್ನುಹತ್ತಿದರೆ, ಅದರಲ್ಲಿ ಬರೆದಿದ್ದ ವಿಳಾಸ ಎರಡು ವರ್ಷ ಹಿಂದೆ ಕೆಲಸ ಬಿಟ್ಟುಹೋದವರದು. ವಿಳಾಸ ತಿದ್ದಿ, ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿದೆ. ಎರಡೂ ಯು ಇದ್ದವು.