ಓದುಗರ ಪ್ರಶ್ನೆ: ಛದ್ಮವೇಷಕ್ಕೆ ಅಗ್ಗದ ಬಟ್ಟೆ ಎಲ್ಲಿ ಸಿಗುತ್ತದೆ?

"ಮಗಳಿಗೆ ಸ್ಕೂಲಲ್ಲಿ ಒನಕೆ ಓಬವ್ವನ ಪಾರ್ಟು ಕೊಟ್ಟಿದ್ದಾರೆ ಮೇಡಂ. ಒಳ್ಳೆ ಸ್ಯಾಟಿನ್ ಬಟ್ಟೆ ಕಡಿಮೆ ರೇಟಿಗೆ ಎಲ್ಲಿ ಸಿಗುತ್ತದೆ?"

ನವೆಂಬರ್ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಒಮ್ಮೊಮ್ಮೆ ಓಬವ್ವನ ಬದಲು ಚೆನ್ನಮ್ಮ ಇರುತ್ತಾಳೆ, ಕೃಷ್ಣ ಇರುತ್ತಾನೆ, ಕೆಂಪೇಗೌಡರೂ ಇರುತ್ತಾರೆ. ಸ್ಯಾಟಿನ್ ಮಾತ್ರ ಬದಲಾಗುವುದಿಲ್ಲ.

ಎಲ್ಲಿ ಅನ್ನೋದಕ್ಕೆ ಉತ್ತರ ಸಣ್ಣದು: ಕಟ್ ಪೀಸ್ ಅಂಗಡಿ. ಬೆಂಗಳೂರಿನವರಾದರೆ ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಒಳಗಿನ ಗಲ್ಲಿಗಳಿಗೆ ಹೋಗಿ. ಲೇಸು, ಗುಂಡಿ, ಜರಿ ಪಟ್ಟಿ ಬೇಕಾದರೆ ಮಾಮೂಲ್‌ಪೇಟೆ. ಬೇರೆ ಊರಲ್ಲೂ ಪೇಟೆ ಬೀದಿಯಲ್ಲಿ ಬಟ್ಟೆ ರಾಶಿ ಹಾಕಿಕೊಂಡು ಕೂತವರು ಇದ್ದೇ ಇರುತ್ತಾರೆ. ತಾನಿನ ಕೊನೆಯ ತುಂಡು, ಗಾರ್ಮೆಂಟ್ಸ್‌ನಲ್ಲಿ ಮಿಕ್ಕಿದ ಮಾಲು ಎಲ್ಲ ಅಲ್ಲಿಗೆ ಬರುತ್ತದೆ. ಬೆಳಕಿಗೆ ಹಿಡಿದು ತೂತು, ಕಲೆ ನೋಡಿ. ಅರ್ಧ ಮೀಟರ್ ಜಾಸ್ತಿಯೇ ತಗೊಳ್ಳಿ, ನಾಳೆ ಹೋದರೆ ಅದೇ ಬಣ್ಣ ಸಿಗುವುದಿಲ್ಲ. ಮುಂದಾಲೋಚನೆ ಇರುವವರು ಆಷಾಢದ ಸೇಲ್‌ನಲ್ಲೇ ತಂದಿಟ್ಟುಕೊಳ್ಳುತ್ತಾರೆ. ಆದರೆ ಪಾರ್ಟು ಗೊತ್ತಾಗೋದೇ ಹಿಂದಿನ ವಾರ, ಅಲ್ವಾ?

ಈಗ ಸ್ಯಾಟಿನ್ ವಿಷಯ. ಸ್ಟೇಜ್ ಅಂದಮೇಲೆ ಬಟ್ಟೆ ಮಿಂಚಲೇಬೇಕು ಅನ್ನೋ ನಂಬಿಕೆಯನ್ನು ಜನರ ತಲೆಯಿಂದ ತೆಗೆಯೋದು ಹೇಗೋ ನನಗಂತೂ ಗೊತ್ತಾಗಿಲ್ಲ. ಇನ್ನೊಂದು ಸಲ ಹೇಳುತ್ತೇನೆ.

ಅಗ್ಗದ ಸ್ಯಾಟಿನ್ ಬಹುಪಾಲು ಪಾಲಿಯೆಸ್ಟರ್. ಅದರ ನೇಯ್ಗೆಯಲ್ಲಿ ಉದ್ದುದ್ದ ಎಳೆಗಳು ಮೇಲ್ಗಡೆಯೇ ತೇಲುತ್ತವೆ. ಬೆಳಕು ಬಿದ್ದರೆ ಕನ್ನಡಿ ಹಾಗೆ ವಾಪಸ್ ಎಸೆಯುತ್ತವೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗೇ ಕಾಣುತ್ತದೆ. ಸ್ಟೇಜಿನ ಫೋಕಸ್ ಲೈಟ್ ಬಿದ್ದಾಗ ನೋಡಿ: ಮಡಿಕೆ ಇರುವಲ್ಲೆಲ್ಲ ಬಿಳಿ ಪಟ್ಟೆ, ಹೊಲಿಗೆ ಸುಕ್ಕಾದ ಕಡೆಯೆಲ್ಲ ಇನ್ನೊಂದು ಪಟ್ಟೆ. ನೀವು ಮೊಬೈಲಲ್ಲಿ ತೆಗೆದ ಫೋಟೊದಲ್ಲಿ ಮಗುವಿನ ಮುಖಕ್ಕಿಂತ ಮೊದಲು ಹೊಟ್ಟೆ ಹೊಳೆಯುತ್ತದೆ.

ಇದರ ಮೇಲೆ ಟೈಲರ್ ಗೊಣಗಾಟ ಬೇರೆ. ಕತ್ತರಿ ಹಾಕುವಾಗ ಜಾರುತ್ತದೆ. ಅಂಚು ಎಳೆ ಬಿಡುತ್ತದೆ. ಹೊಲಿಗೆ ತಪ್ಪಿ ಬಿಚ್ಚಿದರೆ ಸೂಜಿ ತೂತು ಹಾಗೇ ಉಳಿಯುತ್ತದೆ. ಬೆವರು ಹೀರುವುದಿಲ್ಲ, ಮಗು ಸರದಿ ಬರೋವರೆಗೂ ತುರಿಸಿಕೊಳ್ಳುತ್ತಾ ನಿಂತಿರುತ್ತದೆ.

ನಂಬಿಕೆ ಬರದಿದ್ದರೆ ಬಡಗುತಿಟ್ಟಿನ ಯಕ್ಷಗಾನ ನೋಡಿ. ಸಂಪ್ರದಾಯದ ವೇಷದಲ್ಲಿ ಉಡುವುದು ಕಸೆ ಸೀರೆ, ಅಂದರೆ ಚೌಕುಳಿಯ ಹತ್ತಿ ಸೀರೆ. ಮಿಂಚೋದು ಯಾವುದು? ಹಗುರ ಮರದಲ್ಲಿ ಮಾಡಿ, ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಒಡವೆಗಳು. ಬಟ್ಟೆ ಮಂಕಾಗಿರೋದಕ್ಕೇ ಒಡವೆ ಎದ್ದು ಕಾಣುತ್ತದೆ. ಹಿಂದೆ ದೊಂದಿ ಬೆಳಕಲ್ಲಿ ರಾತ್ರಿಯಿಡೀ ಆಡುತ್ತಿದ್ದವರಿಗೇ ಮಿಂಚೋ ಸೀರೆ ಬೇಕಾಗಿರಲಿಲ್ಲ. ಮೂರು ನಿಮಿಷದ ಛದ್ಮವೇಷಕ್ಕೆ ಬೇಕೇ?

ಇನ್ನು ಓಬವ್ವ. ಗಂಡ ಕೋಟೆಯ ಕಾವಲುಗಾರ. ಅವನನ್ನು ಊಟಕ್ಕೆ ಕೂರಿಸಿ ನೀರು ತರಲು ಹೋದ ಹೆಂಗಸು ಅವಳು. ಚಿತ್ರದುರ್ಗದಲ್ಲಿ ಆ ಕಾಲಕ್ಕೆ ಗುಲಾಬಿ ಬಣ್ಣದ ಪಾಲಿಯೆಸ್ಟರ್ ಸ್ಯಾಟಿನ್ ಉಟ್ಟಿರುತ್ತಿದ್ದಳಾ? ಅವಳಿಗೆ ಬಟ್ಟೆ ಕೊಳ್ಳಲೇಬೇಡಿ. ಮನೆಯಲ್ಲಿರುವ ಹಳೆ ಕಾಟನ್ ಸೀರೆಯನ್ನು ಅರ್ಧಕ್ಕೆ ಕತ್ತರಿಸಿದರೆ ಆಯಿತು.

ಕೃಷ್ಣ, ರಾಜ, ರಾಣಿಗೆ ಪಾಪ್ಲಿನ್ ಅಥವಾ ಕಾಟನ್ ಲೈನಿಂಗ್ ಬಟ್ಟೆ ಸಾಕು. ಬೇಕಾದ ಬಣ್ಣವೆಲ್ಲ ಸಿಗುತ್ತದೆ. ಮೈ ತುಂಬ ಒಂದೇ ಗಾಢ ಬಣ್ಣ, ಅಂಚಿಗೆ ಹರಿದ ರೇಷ್ಮೆ ಸೀರೆಯಿಂದ ಬಿಚ್ಚಿದ ಜರಿ ಬಾರ್ಡರ್. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಕಾಣುತ್ತದೆ. ಈಗಾಗಲೇ ಸ್ಯಾಟಿನ್ ತಂದಾಗಿದೆ ಅನ್ನುವವರು ಬಟ್ಟೆ ತಿರುಗಿಸಿ ಹೊಲಿಸಿ. ಹಿಂಬದಿ ಮಂಕಾಗಿರುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಮೀಟರ್ ರೇಟ್ ಮಾತ್ರ ಕೇಳಿ ಮೋಸ ಹೋಗಬೇಡಿ, ಪನ್ನವನ್ನೂ, ಅಂದರೆ ಬಟ್ಟೆಯ ಅಗಲವನ್ನೂ ಕೇಳಿ. 36 ಇಂಚಿನ ಬಟ್ಟೆ ಅಗ್ಗ ಅನಿಸುತ್ತದೆ, ಆದರೆ ಜಾಸ್ತಿ ಮೀಟರ್ ಬೇಕಾಗುತ್ತದೆ. ನಿಜವಾದ ಅಗ್ಗ ಇರೋದು ಡಿಸ್ಕೌಂಟ್ ಅಂಗಡಿಯ ಬೆಡ್‌ಶೀಟ್ ವಿಭಾಗದಲ್ಲಿ. 90 ಇಂಚು ಅಗಲ, 100 ಇಂಚು ಉದ್ದದ ಒಂದು ಡಬಲ್ ಬೆಡ್‌ಶೀಟ್ ಅಂದರೆ 44 ಇಂಚು ಪನ್ನದ ಬಟ್ಟೆ 5 ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ರಾಜನ ನಿಲುವಂಗಿ, ಶಾಲು, ಪೇಟ ಎಲ್ಲ ಅದರಲ್ಲೇ ಏಳುತ್ತದೆ. ದಿಂಬಿನ ಕವರ್ ಬಂದರೆ ಅದು ಲಾಭ. ಕಾಟನ್ ಹೌದೋ ಅಲ್ಲವೋ ಅನುಮಾನ ಇದ್ದರೆ ಮನೆಗೆ ಬಂದು ಒಂದೆರಡು ಎಳೆ ಕಿತ್ತು, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಆಗ ಅದನ್ನು ಮೇಲಂಗಿಗೆ ಮಾತ್ರ ಇಟ್ಟುಕೊಳ್ಳಿ, ದೀಪ ಹಿಡಿಯುವ ಪಾರ್ಟಿಗೆ ಬೇಡವೇ ಬೇಡ.

ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ. ಹೊಲಿಸುವಾಗ ಒಳಗೆ ಎರಡು ಇಂಚು ಬಟ್ಟೆ ಬಿಡಲು ಟೈಲರ್‌ಗೆ ಹೇಳಿ. ಕೆಳಗಿನ ಮಡಿಕೆಯನ್ನು ಇನ್ನೂ ದೊಡ್ಡದಾಗಿ ಬಿಡಲಿ. ಮುಂದಿನ ವರ್ಷ ಬಿಚ್ಚಿದರೆ ಅದೇ ರಾಜ ತಮ್ಮನಿಗೋ ಪಕ್ಕದ ಮನೆ ಮಗುವಿಗೋ ಆಗುತ್ತಾನೆ. ಓಬವ್ವನ ಸೀರೆಗೆ ನೆರಿಗೆ ಹಿಡಿದು, ಸೊಂಟಕ್ಕೆ ಅಗಲ ಇಲಾಸ್ಟಿಕ್ ಕೊಟ್ಟು ಹೊಲಿಸಿಬಿಡಿ. ಹೆಸರು ಕೂಗೋ ಹೊತ್ತಿಗೆ ಸರಿಯಾಗಿ ಮಗುವಿಗೆ ಬಾತ್‌ರೂಮ್ ನೆನಪಾಗುತ್ತದೆ, ಆಗ ಇಷ್ಟೊಂದು ಪಿನ್ನು ಬಿಚ್ಚೋರು ಯಾರು?